ನಮ್ಮ ಕೇಸು ಏನಾತ್ರಿ?

ನಿನ್ನೆ ಒಂದು ಸಭೆಗೆ ಹೋಗಿದ್ದೆ. ಬಂದಾಗಿನಿಂದ ತಲೆ ಕೆಟ್ಟಿದೆ. ಯಾವ ಊರು, ಯಾರು ನಡೆಸಿದ್ದು ಅಂತ ಹೇಳುವುದಿಲ್ಲ, ಕೇಳಬೇಡಿ.

ಕಾನೂನು ಮತ್ತು ಸಾಮಾಜಿಕ ನ್ಯಾಯ ಅಂತ ವಿಷಯ. ವೇದಿಕೆ ತುಂಬ ವಕೀಲರು. ಎಲ್ಲರೂ ಒಳ್ಳೆಯವರೇ, ಬಡವರ ಪರ ಕೇಸು ನಡೆಸಿದವರೇ. ಆದರೆ ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು ನಾನು ಹೀಗೆ ವಾದ ಮಾಡಿದೆ, ಜಡ್ಜ್ ಸಾಹೇಬರು ಹೀಗೆ ಕೇಳಿದರು, ನನ್ನ ಕೇಸು, ನನ್ನ ಆರ್ಡರು ಅಂತಲೇ ಮಾತಾಡಿದರು. ಹಿಂದಿನ ಸಾಲಿನಲ್ಲಿ ಪೌರಕಾರ್ಮಿಕ ಹೆಣ್ಣುಮಕ್ಕಳು ಕೂತಿದ್ದರು. ಬೆಳಗಿನ ಕೆಲಸ ಮುಗಿಸಿ, ಕೋಟು ಕೂಡ ಬಿಚ್ಚದೆ ಹಾಗೇ ಬಂದವರು. ಪ್ರಶ್ನೆ ಕೇಳಬಹುದು ಅಂದಾಗ ಅವರಲ್ಲೊಬ್ಬ ಅಕ್ಕ ಎದ್ದು ನಿಂತರು. "ಸರ್, ನಮ್ಮ ಕೇಸು ಏನಾತ್ರಿ? ಭಾಳ ದಿನಾತು, ಯಾರೂ ಏನೂ ಹೇಳವಲ್ರು." ಮೇಲಿಂದ ಉತ್ತರ ಬಂತು: "ಅದೆಲ್ಲ ಪ್ರೊಸೀಜರ್ ಅಮ್ಮ, ನಿಮಗೆ ಗೊತ್ತಾಗೋದಿಲ್ಲ. ಆಮೇಲೆ ಬಂದು ಮಾತಾಡಿ." ಆಮೇಲೆ ಊಟಕ್ಕೆ ಬಿಟ್ಟರು. ಅಷ್ಟೇ.

ಊಟಕ್ಕೆ ಹೋಗದೆ ನಾನು ಆ ಅಕ್ಕನ ಪಕ್ಕ ಹೋಗಿ ಕೂತೆ. ಅವರ ಹತ್ತಿರ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲ ಇತ್ತು. ಒಳಗೆ ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ಪಿಎಫ್ ಚೀಟಿಗಳು, ಗುತ್ತಿಗೆದಾರನ ಹಾಜರಿ ಪುಸ್ತಕದ ಫೋಟೋಗಳು. ಫೋಟೋಗಳನ್ನು ಅವನಿಗೆ ಗೊತ್ತಾಗದ ಹಾಗೆ ಮೊಬೈಲಿನಲ್ಲಿ ತೆಗೆದು ಪ್ರಿಂಟ್ ಹಾಕಿಸಿದ್ದರು. ಜೊತೆಗೆ ಶಾಲೆಯ ಒಂದು ನೋಟ್‌ಬುಕ್. ಯಾವ ತಿಂಗಳು ಕೈಗೆ ಎಷ್ಟು ದುಡ್ಡು ಬಂತು, ಯಾವ ತಿಂಗಳು ಗ್ಲೌಸ್ ಕೊಡಲಿಲ್ಲ, ಯಾರನ್ನು ಯಾವ ದಿನ ಕೆಲಸದಿಂದ ಬಿಡಿಸಿದರು, ಎಲ್ಲ ಅದರಲ್ಲಿತ್ತು. ಅಕ್ಕ ಹೇಳಿದ್ದು, ಮಗಳು ಬರೆದದ್ದು. ನೀಲಿ ಪೆನ್ನು, ದುಂಡು ಅಕ್ಷರ. ವೇದಿಕೆ ಮೇಲಿನ "ನನ್ನ ಕೇಸು" ನಿಂತಿರುವುದೇ ಈ ಚೀಲದ ಮೇಲೆ. ಇದನ್ನು ಕೂಡಿಸಿಟ್ಟವರಿಗೆ ಪ್ರೊಸೀಜರ್ ಗೊತ್ತಾಗುವುದಿಲ್ಲವಂತೆ!

ನನ್ನ ಕೆಲಸ ನಿಮಗೆಲ್ಲ ಗೊತ್ತೇ ಇದೆ. ಕೋರ್ಟಿನ ಎದುರು ಕೂತು ಅರ್ಜಿ, ಅಫಿಡವಿಟ್ಟು, ವಕಾಲತ್ತು ಟೈಪ್ ಮಾಡುವವಳು ನಾನು. ಹೈಕೋರ್ಟಿಗೆ ಹೋಗುವ ಅಫಿಡವಿಟ್ಟು ಇಂಗ್ಲಿಷಿನಲ್ಲಿ ಇರುತ್ತದೆ. ಕಕ್ಷಿದಾರರಿಗೆ ಇಂಗ್ಲಿಷ್ ಬರದಿದ್ದರೆ, ಇದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದ್ದಾರೆ, ನಾನು ತಿಳಿದುಕೊಂಡಿದ್ದೇನೆ ಅಂತ ಕೊನೆಗೆ ಒಂದು ಸಾಲು ಸೇರಿಸುತ್ತೇವೆ. ಎಷ್ಟೋ ಸಲ ಆ ಸಾಲಿನ ಕೆಳಗೆ ಹೆಬ್ಬೆಟ್ಟು ಬೀಳುತ್ತದೆ, ಯಾರೂ ಏನೂ ಓದಿ ಹೇಳಿರುವುದಿಲ್ಲ. ಒಂದೊಂದು ದಿನ ಆ ಸಾಲು ಟೈಪ್ ಮಾಡುವಾಗ ಕೈ ನಿಲ್ಲುತ್ತದೆ. ನ್ಯಾಯ ಕೇಳಲು ಹೊರಟ ಕಾಗದದಲ್ಲೇ ಇಂಥ ಸುಳ್ಳು ಇದ್ದರೆ ಹೇಗೆ?

ಓದಿ ಹೇಳುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ನಮ್ಮ ಕಡೆಯ ಒಬ್ಬ ಹಿರಿಯ ವಕೀಲರು ಒಂದು ಕೇರಿಯ ಮಶಾಣದ ಕೇಸು ಹಿಡಿದಿದ್ದರು. ದಲಿತರಿಗೆ ಹೆಣ ಹೂಳಲು ಜಾಗ ಇಲ್ಲ ಅನ್ನುವ ಕೇಸು. ಕರಡು ಹಿಡಿದು ಕೇರಿಗೇ ಹೋದರು, ನನ್ನನ್ನೂ ಕರೆದುಕೊಂಡು ಹೋದರು. ಕಟ್ಟೆ ಮೇಲೆ ಕೂತು ಒಂದೊಂದೇ ಪ್ಯಾರಾ ಓದಿ ಕನ್ನಡದಲ್ಲಿ ಹೇಳಿದರು. ಸರ್ವೆ ನಂಬರ್, ಎಕರೆ ಗುಂಟೆ ಎಲ್ಲ ಸರಿ ಇತ್ತು. ಕೊನೆಗೆ ಒಬ್ಬ ಅಜ್ಜಿ ಕೇಳಿದರು: "ಜಾಗ ಕೊಟ್ರ ಆತೇನಪ್ಪಾ? ಹೆಣ ಹೊತ್ಕೊಂಡು ಹೋಗಾಕ ದಾರಿ ಬ್ಯಾಡೇನು? ಸುತ್ತ ಗೌಡ್ರ ಹೊಲ ಐತಿ." ವಕೀಲರು ಒಂದು ಗಳಿಗೆ ಸುಮ್ಮನಾದರು. ನಾಲ್ಕು ಸಲ ತಿದ್ದಿದ ಕರಡಿನಲ್ಲಿ ದಾರಿಯ ಮಾತೇ ಇರಲಿಲ್ಲ. ಅವತ್ತು ರಾತ್ರಿ ಅರ್ಜಿಯ ಕೋರಿಕೆಯನ್ನೇ ಬದಲಿಸಿ ಮತ್ತೆ ಟೈಪ್ ಮಾಡಿದೆವು. ಆ ಅಜ್ಜಿ ಕೇಳದೇ ಇದ್ದಿದ್ದರೆ ಕೇಸು ಗೆದ್ದ ಮೇಲೂ ಹೆಣ ಊರೊಳಗೇ ಉಳಿಯುತ್ತಿತ್ತು.

ದೊಡ್ಡ ಕೇಸುಗಳಲ್ಲೂ ಇದೇ ಕಥೆ. ಮಲ ಹೊರುವ ಪದ್ಧತಿಯ ಕೇಸನ್ನೇ ನೋಡಿ. ನಮ್ಮಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ಎಪ್ಪತ್ತರ ದಶಕದಲ್ಲೇ ನಿಲ್ಲಿಸಲು ಹೊರಟರು. ದೇಶಕ್ಕೆಲ್ಲ ಅಂತ 1993ರಲ್ಲಿ ಕಾನೂನು ಬಂತು. ಕಾಗದದಲ್ಲಿ ಬಂತು, ಅಷ್ಟೇ. 2003ರಲ್ಲಿ ಸಫಾಯಿ ಕರ್ಮಚಾರಿ ಆಂದೋಲನದವರು ಸುಪ್ರೀಂ ಕೋರ್ಟಿಗೆ ಹೋದರು. ಅದರ ಮುಂದಾಳು ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನವರು, ಅದೇ ಕೆಲಸ ಮಾಡುತ್ತಿದ್ದ ಮನೆಯಲ್ಲಿ ಹುಟ್ಟಿದವರು. ನಮ್ಮಲ್ಲಿ ಇಂಥ ಪದ್ಧತಿಯೇ ಇಲ್ಲ ಅಂತ ರಾಜ್ಯ ಸರ್ಕಾರಗಳು ಕೋರ್ಟಿಗೆ ಹೇಳುತ್ತಾ ಹೋದವು. ಇದೆ ಅಂತ ತೋರಿಸಿದ್ದು ಯಾರು? ಊರೂರು ತಿರುಗಿ ಒಣ ಪಾಯಿಖಾನೆಗಳ ಫೋಟೋ ತೆಗೆದವರು, ಅಲ್ಲಿ ದುಡಿಯುವವರ ಹೆಸರು ಬರೆದುಕೊಂಡವರು. ಅವರಲ್ಲಿ ಎಷ್ಟೋ ಜನ ಅದೇ ಸಮುದಾಯದವರು. ಕೇಸು ನಡೆಯುತ್ತಿರುವಾಗಲೇ 2013ರಲ್ಲಿ ಹೊಸ ಕಾನೂನು ಬಂತು. 2014ರ ಮಾರ್ಚ್ 27ಕ್ಕೆ ತೀರ್ಪು ಬಂತು. 1993ರಿಂದ ಈಚೆಗೆ ಮ್ಯಾನ್‌ಹೋಲು, ಗುಂಡಿಗಳಲ್ಲಿ ಸತ್ತವರ ಮನೆಯವರಿಗೆಲ್ಲ 10 ಲಕ್ಷ ಕೊಡಿ ಅಂತ ಕೋರ್ಟು ಹೇಳಿತು. 2023ರ ಅಕ್ಟೋಬರಿನಲ್ಲಿ ಇನ್ನೊಂದು ಕೇಸಿನಲ್ಲಿ ಅದು 30 ಲಕ್ಷ ಆಯಿತು. ಆದರೆ ಸತ್ತವರ ಹೆಸರು ಹುಡುಕಿ, ಅವರ ಹೆಂಡತಿ ಮಕ್ಕಳ ಕಾಗದಪತ್ರ ಮಾಡಿಸಿ, ಆಫೀಸಿಂದ ಆಫೀಸಿಗೆ ಅಲೆದು ದುಡ್ಡು ಕೊಡಿಸುವ ಕೆಲಸ ಇದೆಯಲ್ಲ, ಅದನ್ನು ಯಾವ ಸೀನಿಯರ್ ವಕೀಲರೂ ದೆಹಲಿಯಲ್ಲಿ ಕೂತು ಮಾಡಲು ಆಗುವುದಿಲ್ಲ. ಊರಲ್ಲಿರುವ ಸಂಘದವರೇ ಮಾಡಬೇಕು, ಮಾಡುತ್ತಲೂ ಇದ್ದಾರೆ.

ಇದನ್ನು ಬರೆಯುವಾಗ ಸವಣೂರು ನೆನಪಾಗದೆ ಇರುವುದಿಲ್ಲ. ನಮ್ಮದೇ ಹಾವೇರಿ ಜಿಲ್ಲೆ. 2010ರಲ್ಲಿ ಅಲ್ಲಿನ ಭಂಗಿ ಸಮುದಾಯದವರು ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡು ನಿಂತರು. ಕಾನೂನು ಬಂದು ಆಗಲೇ 17 ವರ್ಷ ಆಗಿತ್ತು. ಆ ಫೋಟೋ ಪೇಪರಿನಲ್ಲಿ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಇವತ್ತಿಗೂ ಆ ದಾರಿಯಲ್ಲಿ ಬಸ್ಸು ಹೋಗುವಾಗ ಅದೇ ಕಣ್ಣ ಮುಂದೆ ಬರುತ್ತದೆ.

ಹಾಗಾದರೆ ಕೋರ್ಟು ಬೇಡವಾ? ಖಂಡಿತ ಬೇಕು. ನಾನು ಅನ್ನ ತಿನ್ನುವುದೇ ಕೋರ್ಟಿನ ಎದುರು. ಎಂಬತ್ತರ ದಶಕದಲ್ಲಿ ನಮ್ಮ ಕಡೆಯ ಗೋಮಾಳ, ಗುಡ್ಡಗಳನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಅನ್ನುವ ಕಂಪನಿಗೆ ಕೊಟ್ಟಾಗ ಏನಾಯಿತು ನೋಡಿ. ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆಯ ಎಸ್.ಆರ್. ಹಿರೇಮಠರು ಮತ್ತು ಜೊತೆಗಾರರು ಸುಪ್ರೀಂ ಕೋರ್ಟಿಗೆ ಹೋದರು, ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದರು. 1987ರಲ್ಲಿ ಸ್ಟೇ ಸಿಕ್ಕಿತು. ಸ್ಟೇ ಸಿಕ್ಕಿತು ಅಂತ ಯಾರೂ ಮನೆಯಲ್ಲಿ ಕೂರಲಿಲ್ಲ. ಅದೇ ವರ್ಷ ನವೆಂಬರ್ 14ಕ್ಕೆ ಕುಸನೂರಿನಲ್ಲಿ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಕಂಪನಿಯನ್ನೇ ಮುಚ್ಚಿದರು. ಕೋರ್ಟೊಂದೇ ಇದ್ದಿದ್ದರೆ ಇದು ಆಗುತ್ತಿತ್ತಾ? ಬರೀ ಸತ್ಯಾಗ್ರಹ ಇದ್ದಿದ್ದರೆ ಆಗುತ್ತಿತ್ತಾ? ನನಗಂತೂ ಎರಡೂ ಅನುಮಾನವೇ.

ಇನ್ನು ಜನರನ್ನು ಬಿಟ್ಟು ಕೋರ್ಟಿಗೆ ಹೋದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಬೇಕಾದಷ್ಟಿವೆ. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂದ ಮೇಲೆ ನೊಂದವರೇ ಕೋರ್ಟಿಗೆ ಬರಬೇಕಿಲ್ಲ, ಅವರ ಪರವಾಗಿ ಯಾರು ಬೇಕಾದರೂ ಬರಬಹುದು ಅಂತಾಯಿತು. ದೊಡ್ಡ ಉಪಕಾರವೇ. ಆದರೆ ಅದೇ ಬಾಗಿಲಿಂದ ನೊಂದವರನ್ನು ಒಂದು ಮಾತೂ ಕೇಳದೆ ಒಳಗೆ ಹೋಗುವವರೂ ಬಂದರು. ನಗರಗಳ ಕಸದ ಬಗ್ಗೆ 1996ರಲ್ಲಿ ಹಾಕಿದ ಒಂದು ಅರ್ಜಿಯಲ್ಲಿ 2000ದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇನು ಗೊತ್ತಾ? ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕಿದವರಿಗೆ ಬದಲಿ ನಿವೇಶನ ಪುಕ್ಕಟೆ ಕೊಡುವುದು ಜೇಬುಗಳ್ಳನಿಗೆ ಬಹುಮಾನ ಕೊಟ್ಟ ಹಾಗೆ ಅಂತ. ಕೇಸು ಕಸದ್ದು, ಏಟು ಬಿದ್ದದ್ದು ಸ್ಲಮ್ಮಿನವರಿಗೆ. ಆ ಕಸ ಎತ್ತುವವರ ಮನೆಗಳೂ ಅಲ್ಲೇ ಇರುವುದು, ಅಲ್ವಾ?

2019ರಲ್ಲಿ ಇನ್ನೊಂದಾಯಿತು. ಅರಣ್ಯ ಹಕ್ಕು ಕಾಯ್ದೆ ಪ್ರಶ್ನಿಸಿ ವನ್ಯಜೀವಿ ಸಂಘಟನೆಗಳು ಹಾಕಿದ್ದ ಕೇಸಿನಲ್ಲಿ, ಕಾಡಿನ ಜಾಗದ ಹಕ್ಕು ಕೇಳಿ ಹಾಕಿದ ಅರ್ಜಿ ತಿರಸ್ಕಾರವಾದವರನ್ನೆಲ್ಲ ಕಾಡಿನಿಂದ ಹೊರಗೆ ಹಾಕಿ ಅಂತ ಫೆಬ್ರವರಿ 13ಕ್ಕೆ ಸುಪ್ರೀಂ ಕೋರ್ಟಿನಿಂದ ಆದೇಶ ಬಂತು. ಹತ್ತು ಲಕ್ಷಕ್ಕೂ ಜಾಸ್ತಿ ಕುಟುಂಬಗಳ ಪ್ರಶ್ನೆ. ಹಲವು ಕಡೆ ವಿರೋಧ ಎದ್ದು, ಕೇಂದ್ರ ಸರ್ಕಾರವೇ ಕೋರ್ಟಿಗೆ ಹೋಗಿ ಕೇಳಿಕೊಂಡ ಮೇಲೆ, ಫೆಬ್ರವರಿ 28ಕ್ಕೆ ಅದೇ ಕೋರ್ಟು ತನ್ನ ಆದೇಶಕ್ಕೆ ತಡೆ ಕೊಟ್ಟಿತು. ಇದರ ಪಕ್ಕದಲ್ಲಿ ನಾಗರಹೊಳೆ ಇಟ್ಟು ನೋಡಿ. ಅಲ್ಲಿ ಕಾಡಿನೊಳಗೆ ತಾಜ್ ಹೋಟೆಲ್ ಬರುತ್ತದೆ ಅಂದಾಗ ಆದಿವಾಸಿಗಳೇ ಸಮಿತಿ ಕಟ್ಟಿಕೊಂಡು ಹೋರಾಟಕ್ಕೆ ಇಳಿದರು, ಆ ಸಮಿತಿಯ ಹೆಸರಿನಲ್ಲೇ ಹೈಕೋರ್ಟಿಗೆ ಹೋದರು, 1997ರಲ್ಲಿ ಗೆದ್ದರು. ಅರ್ಜಿದಾರರ ಜಾಗದಲ್ಲಿ ಯಾರ ಹೆಸರಿದೆ ಅನ್ನುವುದು ಸಣ್ಣ ವಿಷಯ ಅಲ್ಲ.

ಈಗ ವಕೀಲ ಗೆಳೆಯರು ಹೇಳುವುದು ನನಗೆ ಗೊತ್ತು. ನಮಗೆ ಟೈಮ್ ಎಲ್ಲಿದೆ, ದಿನಕ್ಕೆ ಎಷ್ಟು ಕೇಸು ಗೊತ್ತಾ, ಫೀಸು ಬೇರೆ ತೆಗೆದುಕೊಂಡಿಲ್ಲ, ಪ್ರತಿ ತಾರೀಖಿಗೂ ಕೇರಿಗೆ ಹೋಗಿ ಸಭೆ ಮಾಡಲು ಆಗುತ್ತದಾ, ಕಾನೂನಿನ ತೀರ್ಮಾನವನ್ನು ಹತ್ತು ಜನ ಕೂತು ಮಾಡಿದರೆ ಕೇಸು ಕೆಡುತ್ತದೆ. ಟೈಮಿನ ಮಾತು ಒಪ್ಪುತ್ತೇನೆ. ರಾತ್ರಿ ಒಂಬತ್ತಕ್ಕೂ ಆಫೀಸಿನಲ್ಲಿ ಕೂತವರನ್ನು ದಿನಾ ನೋಡುತ್ತೇನೆ. ಆದರೆ ಫೀಸು ತೆಗೆದುಕೊಂಡಿಲ್ಲ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಫೀಸು ಕೊಟ್ಟ ಸಾಹುಕಾರ ಫೋನ್ ಮಾಡಿ ಏನಾಯ್ತು ಅಂತ ಕೇಳಿದರೆ ಅರ್ಧ ಗಂಟೆ ವಿವರಿಸುತ್ತೀರಿ. ಫೀಸು ಕೊಡಲಾಗದವರು ಕೇಳಿದರೆ ಪ್ರೊಸೀಜರ್ ಅನ್ನುತ್ತೀರಿ. ಯಾವ ಸೆಕ್ಷನ್ ಹಾಕಬೇಕು ಅನ್ನುವುದನ್ನು ನೀವೇ ತೀರ್ಮಾನ ಮಾಡಿ, ಬೇಡ ಅಂದವರು ಯಾರು? ಆದರೆ ರಾಜಿ ಆಗಬೇಕಾ ಬೇಡವಾ, ಪರಿಹಾರ ತೆಗೆದುಕೊಳ್ಳಬೇಕಾ ಕೆಲಸವೇ ಬೇಕು ಅನ್ನಬೇಕಾ, ಅದನ್ನು ಹೇಳಬೇಕಾದವರು ಅಲ್ಲಿ ಬದುಕುವವರು. ಕೋರ್ಟಿನಿಂದ ನೀವು ಮನೆಗೆ ಹೋಗುತ್ತೀರಿ. ಅವರು ಅದೇ ಗುತ್ತಿಗೆದಾರನ ಎದುರು, ಅದೇ ಗೌಡರ ಹೊಲದ ಪಕ್ಕ ನಿಲ್ಲಬೇಕು.

ಆಗುವುದೇ ಇಲ್ಲ ಅನ್ನುವವರು ಬೆಂಗಳೂರಿನ ಗುತ್ತಿಗೆ ಪೌರಕಾರ್ಮಿಕರ ಸಂಘ ನೋಡಿ. ಅಲ್ಲಿ ವಕೀಲರು ಸಂಘದೊಳಗೇ ಇದ್ದಾರೆ. ಬೀದಿಯಲ್ಲಿ ಧರಣಿಗೂ ಕೂರುತ್ತಾರೆ, ಹೈಕೋರ್ಟಿನಲ್ಲೂ ನಿಲ್ಲುತ್ತಾರೆ. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ನಾಲ್ಕು ದಿನ ಮುಷ್ಕರ ಮಾಡಿದಾಗ, ಕಾಯಂ ಮಾಡುತ್ತೇವೆ ಅಂತ ಸರ್ಕಾರವೇ ಮಾತು ಕೊಡಬೇಕಾಯಿತು. ಆ ಹೆಣ್ಣುಮಕ್ಕಳು ಮೈಕ್ ಹಿಡಿದು ಮಾತಾಡುವುದನ್ನು ಕೇಳಿದ್ದೀರಾ? ಕನಿಷ್ಠ ಕೂಲಿ, ಪಿಎಫ್, ಇಎಸ್‌ಐ, ನೇರ ಪಾವತಿ, ಎಲ್ಲ ಬಾಯಲ್ಲೇ ಇದೆ. ಅವರಿಗೆ ಯಾರೋ ಪಾಠ ಮಾಡಿ ಕೈ ತೊಳೆದುಕೊಳ್ಳಲಿಲ್ಲ. ವಕೀಲರು ಜೊತೆಯಲ್ಲಿ ಕೂತರು, ಇವರು ಅವರಿಂದ ಕಲಿತರು, ಅವರು ಇವರಿಂದ ಕಲಿತರು.

ನಾನು ದೊಡ್ಡದೇನನ್ನೂ ಕೇಳುತ್ತಿಲ್ಲ. ಕೋರ್ಟಿಗೆ ಹಾಕುವ ಮೊದಲು ಒಂದು ಸಂಜೆ ಕರಡು ತೆಗೆದುಕೊಂಡು ಕೇರಿಗೆ ಹೋಗಿ, ಓದಿ ಹೇಳಿ, ಅವರು ತಿದ್ದಿದ್ದನ್ನು ತಿದ್ದಿ. ಹಿಯರಿಂಗ್ ಮುಗಿದ ಮೇಲೆ ಕೋರ್ಟಿನ ಮೆಟ್ಟಿಲ ಮೇಲೆ ನಿಂತೇ ಕನ್ನಡದಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿ: ಇವತ್ತು ಹೀಗಾಯಿತು, ಮುಂದಿನ ತಾರೀಖು ಇದು, ಇಂಥ ಕಾಗದ ಬೇಕು. ಎರಡು ನಿಮಿಷದ ಕೆಲಸ. ಗೆದ್ದಾಗ ಪ್ರೆಸ್‌ಮೀಟಿನಲ್ಲಿ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮೊದಲು ಅವರೇ ಮಾತಾಡಲಿ. ಸೋತಾಗ ಮಾತ್ರ ನೀವೇ ಖುದ್ದಾಗಿ ಹೋಗಿ ಹೇಳಿ, ಜೂನಿಯರನ್ನು ಕಳಿಸಬೇಡಿ.

ನನ್ನ ಕಡೆಯಿಂದ ಒಂದು ಮಾತು. ಪೌರಕಾರ್ಮಿಕರದ್ದಿರಲಿ, ಮಶಾಣದ್ದಿರಲಿ, ಕಾಡಿನವರದ್ದಿರಲಿ, ಇಂಥ ಯಾವ ಕೇಸಿನದೇ ಆಗಲಿ, ಇಂಗ್ಲಿಷ್ ಅರ್ಜಿಯಲ್ಲಿ ಏನಿದೆ ಅಂತ ನೀವು ಬಾಯಲ್ಲಿ ಹೇಳಿದರೆ ಸಾಕು, ಎರಡು ಪುಟದ ಕನ್ನಡ ಪ್ರತಿ ಟೈಪ್ ಮಾಡಿ ಕೊಡುತ್ತೇನೆ. ದುಡ್ಡು ಬೇಡ. ಜೆರಾಕ್ಸ್ ಖರ್ಚು ನೀವು ನೋಡಿಕೊಳ್ಳಿ. ಸಂಜೆ ಐದರ ಮೇಲೆ ಬನ್ನಿ, ಅದಕ್ಕೂ ಮೊದಲು ನನಗೆ ಪುರಸೊತ್ತು ಇರುವುದಿಲ್ಲ.