ಕಾಫಿಗೆ ಬಿಡುವು ಕೇಳಿದವರು

"ಕಾರಲ್ಲೇ ಕುಡಿದುಬಿಡಿ, ಟೈಮ್ ಉಳಿಯುತ್ತೆ" ಎಂದು ಅಕ್ಕನ ಮಗ ಕಾಗದದ ಲೋಟವನ್ನು ಕೈಗಿತ್ತ. ನಾವಿದ್ದದ್ದು ಅಮೆರಿಕದ ವಿಸ್ಕಾನ್ಸಿನ್‌ನ ಸ್ಟೌಟನ್‌ನಲ್ಲಿ. ಕಾಫಿ ಬ್ರೇಕ್ ಹುಟ್ಟಿದ್ದೇ ನಮ್ಮಲ್ಲಿ ಅಂತ ಹೇಳಿಕೊಂಡು, ಆಗಸ್ಟ್‌ನಲ್ಲಿ ಅದಕ್ಕೊಂದು ಹಬ್ಬವನ್ನೂ ಮಾಡುವ ಊರು. ಅಲ್ಲಿ ಹೋಗಿ ಟೈಮ್ ಉಳಿಸೋದಾ?

ಊರಿನವರ ಕಥೆ ಹೀಗಿದೆ. 19ನೇ ಶತಮಾನದ ಕೊನೆಯ ದಶಕಗಳು. ನಾರ್ವೆಯಿಂದ ಬಂದ ಗಂಡಸರೆಲ್ಲ ಗಾಡಿ ಕಾರ್ಖಾನೆ ಸೇರಿದ್ದರು. ಹೊಗೆಸೊಪ್ಪಿನ ಗೋದಾಮಿನಲ್ಲಿ ಎಲೆ ವಿಂಗಡಿಸಲು ಜನವೇ ಇಲ್ಲ. ಸಾಹುಕಾರ ಆ ಗಂಡಸರ ಹೆಂಡತಿಯರನ್ನು ಕರೆದ. ಬರ್ತೀವಿ, ಆದರೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮನೆಗೆ ಹೋಗಿ, ಮನೆಗೆಲಸ ನೋಡಿ, ಕಾಫಿ ಕುಡಿದು ಬರ್ತೀವಿ ಅಂದರಂತೆ. ಮೊದಲು ಮನೆಗೆಲಸ, ಆಮೇಲೆ ಕಾಫಿ. ಇದನ್ನು ಬಿಡುವು ಅನ್ನುವವರು ಗಂಡಸರೇ ಇರಬೇಕು.

ನ್ಯೂಯಾರ್ಕ್ ರಾಜ್ಯದ ಬಫಲೋದವರು, ಇಲ್ಲ, 1902ರಲ್ಲಿ ನಮ್ಮ ಬಾರ್ಕಲೋ ಕಂಪನಿಯಲ್ಲೇ ಇದು ಶುರುವಾಗಿದ್ದು ಅಂತ ಜಗಳಕ್ಕೆ ಬರುತ್ತಾರೆ. ಬರಲಿ ಬಿಡಿ.

ಆದರೆ ಮೊಟ್ಟೆಯ ವಿಷಯ ಹೇಳದೆ ನಾನು ಮುಂದೆ ಹೋಗಲಾರೆ. ಈ ಸೀಮೆಯ ಲೂಥರನ್ ಚರ್ಚುಗಳ ನೆಲಮಾಳಿಗೆಯಲ್ಲಿ ದೊಡ್ಡ ಕೂಟವಿದ್ದರೆ ಮೊಟ್ಟೆ ಕಾಫಿ ಮಾಡುವ ರೂಢಿ ಇತ್ತು. ಕಾಫಿಪುಡಿಗೆ ಹಸಿ ಮೊಟ್ಟೆ ಒಡೆದು ಕಲಸಬೇಕು. ಕೆಲವರು ಸಿಪ್ಪೆಯನ್ನೂ ಬಿಡುವುದಿಲ್ಲ. ಅದನ್ನು ಕುದಿಯುವ ನೀರಿಗೆ ಹಾಕಿದರೆ ಮೊಟ್ಟೆ ಬೆಂದು, ಪುಡಿಯನ್ನೆಲ್ಲ ಹಿಡಿದು ಗಟ್ಟಿಯಾಗುತ್ತದೆ. ಮೇಲೊಂದಿಷ್ಟು ತಣ್ಣೀರು ಸುರಿದರೆ ಮುದ್ದೆ ತಳ ಸೇರುತ್ತದೆ. ಉಳಿಯುವುದು ತಿಳಿ ಕಂದು ನೀರು. ಕಹಿಯೇ ಇರಲ್ಲ ಅಂತ ಹೊಗಳುತ್ತಾರೆ. ಕಹಿ ಬೇಡದವರು ಬಾರ್ಲಿ ನೀರು ಕುಡಿಯಬಹುದಲ್ವಾ? ಅಕ್ಕ ಇಷ್ಟು ವರ್ಷ ಅಮೆರಿಕದಲ್ಲಿದ್ದರೂ, ಇದನ್ನು ಕೇಳಿದ್ದೇ ತನ್ನ ಲೋಟವನ್ನು ಮೂಗಿಗೆ ಹಿಡಿದು ಮೂಸಿದಳು. ಮನೆಯಲ್ಲಿ ಅರ್ಧಕ್ಕರ್ಧ ಚಿಕೋರಿ ಬೆರೆಸಿ, ಫಿಲ್ಟರಿಗೆ ಹಾಕಿ, ಶುದ್ಧ ಕಾಫಿ ಅಂತ ಕೊಡುವವಳೂ ಅವಳೇ. ಅದು ಬೇರೆ ಮಾತು.

ಬಿಡುವಿನ ಬಗ್ಗೆ ಏನೋ ಘನವಾದದ್ದು ಹೇಳಬೇಕು ಅಂತ ಹೊರಟಿದ್ದೆ. ಅಷ್ಟರಲ್ಲಿ 1952 ನೆನಪಾಯಿತು. ಕಾಫಿ ಮಾರುವವರ ಸಂಘವೊಂದು ಆ ವರ್ಷ ಜಾಹೀರಾತು ಕೊಟ್ಟು ಕೊಟ್ಟು, ಕಾಫಿ ಬ್ರೇಕನ್ನು ಅಮೆರಿಕದ ಆಫೀಸುಗಳಿಗೆಲ್ಲ ಅಂಟಿಸಿತು. ಲಾಭ ಇರುವ ಕಡೆ ಬಿಡುವೂ ಸಿಗುತ್ತದೆ ನೋಡಿ. ಸ್ಟೌಟನ್‌ನ ಕಥೆಯಲ್ಲಿ ಗೋದಾಮಿನ ಸಾಹುಕಾರನ ಹೆಸರು ಇವತ್ತಿಗೂ ಉಳಿದಿದೆ, ಓಸ್ಮಂಡ್ ಗುಂಡರ್ಸನ್ ಅಂತ. ಬಿಡುವು ಕೊಡದಿದ್ದರೆ ಬರಲ್ಲ ಅಂದವರು ಮಾತ್ರ ಬರೀ 'ನಾರ್ವೆಯ ಹೆಂಗಸರು'.