ನಾಯಿ ಒಳಗೆ ಬಿಡದಿದ್ದರೆ ಕೇಸ್? ಆ ಮೆಸೇಜ್ ಸುಳ್ಳು

“ಸಾಕುನಾಯಿಯನ್ನು ಒಳಗೆ ಬಿಡದ ಅಂಗಡಿಯವರ ಮೇಲೆ ಪ್ರಾಣಿ ಹಿಂಸೆ ಕೇಸ್ ಹಾಕಬಹುದು” ಎಂಬ ಮೆಸೇಜ್ ನಮ್ಮ ರಾಯಚೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಅದು ತಪ್ಪು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಹೊಡೆಯುವುದನ್ನು, ಉಪವಾಸ ಕೆಡವುವುದನ್ನು ಅಪರಾಧ ಎನ್ನುತ್ತದೆ. “ನಾಯಿ ಹೊರಗಿರಲಿ ಅಕ್ಕಾ” ಅನ್ನುವುದನ್ನಲ್ಲ. ಆಹಾರ ಸುರಕ್ಷತೆಯ 2011ರ ನಿಯಮಾವಳಿಯ 4ನೇ ಅನುಸೂಚಿಯಂತೂ ಆಹಾರ ಮಳಿಗೆಯೊಳಗೆ ಸಾಕುಪ್ರಾಣಿ ಬಿಡಬಾರದು ಎಂದೇ ಹೇಳುತ್ತದೆ.

ನಮ್ಮ ಕಿರಾಣಿ ಅಂಗಡಿ ನೋಡಿ. ಜೋಳ, ಶೇಂಗಾ, ಪುಟಾಣಿ, ಮಂಡಕ್ಕಿ ಎಲ್ಲ ಬಾಯಿ ಮಡಚಿ ತೆರೆದಿಟ್ಟ ಚೀಲದಲ್ಲಿ, ಮೊಣಕಾಲೆತ್ತರಕ್ಕೆ. ನಾಯಿಯ ಮೂತಿಗೆ ಸರಿಯಾಗಿ ಅದೇ ಎತ್ತರ. ಮೊನ್ನೆ ಒಂದು ನಾಯಿ ಮಂಡಕ್ಕಿ ಚೀಲಕ್ಕೆ ಬಾಯಿ ಹಾಕಿತು. ಅಂಗಡಿಯಣ್ಣ ಮಾತಾಡದೆ ಮೇಲಿನ ನಾಲ್ಕು ಸೇರು ತೆಗೆದು ಚೆಲ್ಲಿದರು. ಆ ನಷ್ಟ ಯಾರದು?

ಹಾಗಂತ ಮೆಟ್ಟಿಲ ಮೇಲೆ ಮಲಗಿದ ಬೀದಿನಾಯಿಗೆ ಬಿಸಿನೀರು ಎರಚಬೇಡಿ, ಅದು ಖಂಡಿತ ಅಪರಾಧ. ಸಾಕಿದವರೂ ಬೇಸಿಗೆಯಲ್ಲಿ ನಾಯಿಯನ್ನು ಬಿಸಿಲಿಗೆ ಕಟ್ಟಬೇಡಿ, ಕಾದ ಸಿಮೆಂಟಿಗೆ ಅಂಗಾಲು ಸುಡುತ್ತದೆ. ಮನೆಯಲ್ಲೇ ಬಿಟ್ಟು ಬನ್ನಿ. ಇಲ್ಲವೇ ಸಾಮಾನಿನ ಚೀಟಿ ಫೋನಿನಲ್ಲಿ ಕಳಿಸಿ, ಅಂಗಡಿಯವರು ಕಟ್ಟಿಟ್ಟಿರುತ್ತಾರೆ.