ಮಾಸ್ಕ್ ಹಾಕುವ ಮೊದಲು ಅವರು ಏನು ಕೇಳಿದರು?

ಬೆಂಗಳೂರಿನ ವಿಶ್ವ ಟೆನ್‌ಕೆ ಓಟ ಮುಗಿದ ಮೇಲೆ ನನಗೆ ಬರುವ ಸಂದೇಶಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ. "ಸರ್, ವಿಒ2 ಮ್ಯಾಕ್ಸ್ ಟೆಸ್ಟ್ ಎಲ್ಲಿ ಮಾಡಿಸಬೇಕು? ನನ್ನ ಝೋನ್ 2 ಯಾವುದೆಂದು ಸರಿಯಾಗಿ ತಿಳಿಯಬೇಕು." (ಮಾಸ್ಕ್ ಹಾಕಿ ಓಡಿಸಿ, ದೇಹ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂದು ಅಳೆಯುವ ಪರೀಕ್ಷೆ ಅದು. ಝೋನ್ ಎಂದರೆ ಹೃದಯ ಬಡಿತದ ಲೆಕ್ಕದಲ್ಲಿ ಅಭ್ಯಾಸದ ತೀವ್ರತೆಯ ಮಟ್ಟ, 2 ಎಂದರೆ ಹಗುರ ಓಟದ್ದು.) ಕೇಳುವವರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು, ಕೈಗೆ ದುಬಾರಿ ವಾಚು ಕಟ್ಟಿಕೊಂಡವರು, ಆ ವಾಚು ಹೇಳುವುದನ್ನು ಅರ್ಧ ನಂಬಿ ಅರ್ಧ ಬಿಟ್ಟವರು. ಒಬ್ಬೊಬ್ಬರಿಗೂ ಬರೆದು ಸಾಕಾಗಿದೆ, ಇಲ್ಲಿ ಒಮ್ಮೆ ಬರೆದುಬಿಡುತ್ತೇನೆ. ಯಾವ ಕೇಂದ್ರದ ಹೆಸರನ್ನೂ ಹೇಳುವುದಿಲ್ಲ. ಯಾರ ಬಳಿ ಯಾವ ಯಂತ್ರವಿದೆ ಎಂಬುದಕ್ಕಿಂತ, ನಿಮ್ಮನ್ನು ಓಡಿಸುವ ಮೊದಲು ಅವರು ಎಷ್ಟು ಪ್ರಶ್ನೆ ಕೇಳುತ್ತಾರೆ ಎಂಬುದನ್ನು ನೋಡಿ ಎನ್ನುವವನು ನಾನು.

ಶುರುವಿಗೇ ಟಿಎಂಟಿಯ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆಯ, ಗೊಂದಲ ಬಿಡಿಸಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ನಂತರದ ದಿನಗಳಲ್ಲಿ ಜಯದೇವ ಆಸ್ಪತ್ರೆಗೆ ಹೃದಯ ತಪಾಸಣೆಗೆಂದು ಜನ ಮುಗಿಬಿದ್ದದ್ದು ನೆನಪಿರಬಹುದು. ಟಿಎಂಟಿ ಎಂಬ ಮೂರಕ್ಷರ ಈಗ ಎಲ್ಲರಿಗೂ ಗೊತ್ತು. ಒಳ್ಳೆಯದೇ. ಆದರೆ "ನನ್ನ ಟಿಎಂಟಿ ನೆಗೆಟಿವ್ ಬಂದಿದೆ, ಅದರಲ್ಲಿ ಬಂದ ಬಡಿತವನ್ನೇ ಗರಿಷ್ಠ ಎಂದು ಹಿಡಿಯಬಹುದಲ್ಲವೇ?" ಎಂದು ಕೇಳುತ್ತಾರೆ. ಹಿಡಿಯಲಾಗದು. ಅದು ಕಾಯಿಲೆ ಹುಡುಕುವ ಪರೀಕ್ಷೆ. ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಸುವ ಬ್ರೂಸ್ ಕ್ರಮದಲ್ಲಿ ಗಂಟೆಗೆ 2.7 ಕಿ.ಮೀ. ವೇಗ, ಶೇ 10ರಷ್ಟು ಏರು, ಹೀಗೆ ಶುರುವಾಗುತ್ತದೆ. ಪ್ರತಿ 3 ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. ವೈದ್ಯರ ಕಣ್ಣು ಇಸಿಜಿ ಗೆರೆಗಳ ಮೇಲಿರುತ್ತದೆ, ನಿಮ್ಮ ಓಟದ ಮೇಲಲ್ಲ. ಅಂದಾಜು ಗರಿಷ್ಠ ಬಡಿತದ ಶೇ 85 ಮುಟ್ಟಿದರೆ ಸಾಕೆಂದು ಅನೇಕ ಕಡೆ ನಿಲ್ಲಿಸುತ್ತಾರೆ. ಅಲ್ಲಿಗೆ ಅವರ ಕೆಲಸ ಮುಗಿಯಿತು, ನಿಮ್ಮದು ಶುರುವೇ ಆಗಿಲ್ಲ.

ಹಾಗೆಂದು ಅದನ್ನು ಬಿಡಿ ಎನ್ನುತ್ತಿಲ್ಲ. ನಲವತ್ತು ದಾಟಿದ್ದರೆ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದರೆ, ಮೊದಲು ವೈದ್ಯರನ್ನು ಕಂಡು ಬನ್ನಿ. ಆಮೇಲೆ ಲ್ಯಾಬ್. ಇದನ್ನು ನಾನು ಹೇಳುವ ಅಗತ್ಯವೇ ಬೀಳಬಾರದು, ಲ್ಯಾಬಿನವರೇ ಕೇಳಬೇಕು. ಫೋನಿನಲ್ಲಿ ನಿಮ್ಮ ಆರೋಗ್ಯದ ಬಗ್ಗೆ ಒಂದು ಮಾತೂ ಕೇಳದೆ "ನಾಳೆ ಬೆಳಿಗ್ಗೆ ಸ್ಲಾಟ್ ಇದೆ, ಯುಪಿಐ ಮಾಡಿ" ಎನ್ನುವವರ ಕಡೆ ಹೋಗಲೇಬೇಡಿ.

ಇನ್ನು ಆ 220ರ ಲೆಕ್ಕ. 220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ ಎಂಬುದು 1971ರ ಸುಮಾರಿಗೆ ಫಾಕ್ಸ್ ಮತ್ತು ಸಂಗಡಿಗರ ಬರಹದಿಂದ ಹಬ್ಬಿದ ಸೂತ್ರ. ಅದಕ್ಕೆಂದೇ ಪ್ರತ್ಯೇಕ ಪ್ರಯೋಗವನ್ನೇನೂ ನಡೆಸಿರಲಿಲ್ಲ, ಬೇರೆ ಬೇರೆ ಕಡೆ ಸಿಕ್ಕ ಅಂಕಿಗಳ ನಡುವೆ ಎಳೆದ ಒಂದು ಗೆರೆ ಅಷ್ಟೇ. 2001ರಲ್ಲಿ ತನಾಕಾ ಮತ್ತಿತರರು 208ರಿಂದ ವಯಸ್ಸಿನ 0.7 ಪಾಲು ಕಳೆಯಿರಿ ಎಂದು ತಿದ್ದಿದರು. 45 ವರ್ಷದವರಿಗೆ ಒಂದು 175 ಎನ್ನುತ್ತದೆ, ಇನ್ನೊಂದು 176 ಚಿಲ್ಲರೆ. ಸೂತ್ರಗಳ ನಡುವೆ ಜಗಳವಿಲ್ಲ, ಜಗಳವಿರುವುದು ಸೂತ್ರಕ್ಕೂ ನಿಮ್ಮ ಹೃದಯಕ್ಕೂ. ಒಂದೇ ವಯಸ್ಸಿನ ಮೂವರಲ್ಲಿ ಸುಮಾರು ಒಬ್ಬರ ನಿಜವಾದ ಗರಿಷ್ಠ ಬಡಿತ ಸರಾಸರಿಗಿಂತ ಹತ್ತಕ್ಕೂ ಹೆಚ್ಚು ಆಚೀಚೆ ಇರುತ್ತದೆ. ಕೆಲವರು 45ರಲ್ಲಿ 190 ಮುಟ್ಟುತ್ತಾರೆ, ಕೆಲವರು 160ಕ್ಕೇ ಏದುಸಿರು ಬಿಡುತ್ತಾರೆ, ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಪರೀಕ್ಷೆಗೆ ಹಣ ಕೊಡುವುದು ಈ ಒಂದು ಕಾರಣಕ್ಕೆ.

ಈಗ ನನ್ನ ಸಿಟ್ಟಿನ ವಿಷಯ. ಸ್ನೇಹಿತರೊಬ್ಬರು ಗಾಜಿನ ಗೋಡೆ, ಸುಗಂಧ, ಪ್ರೋಟೀನ್ ಶೇಕ್ ಎಲ್ಲ ಇರುವ ಒಂದು ಕೇಂದ್ರಕ್ಕೆ ಹೋಗಿ ಬಂದರು. ಮಾಸ್ಕ್ ಹಾಕಿ ಪೂರ್ತಿ ದಣಿಯುವವರೆಗೆ ಓಡಿಸಿದ್ದಾರೆ. ಬಣ್ಣಬಣ್ಣದ ವರದಿ. ಕೊನೆಯ ಪುಟದಲ್ಲಿ ಝೋನ್‌ಗಳ ಪಟ್ಟಿ ನೋಡಿದರೆ 220ರಿಂದ ವಯಸ್ಸು ಕಳೆದು ಶೇ 60, 70, 80 ಎಂದು ಹಾಕಿಟ್ಟಿದ್ದಾರೆ! ದರ್ಜಿ ಮೈಯಳತೆ ತೆಗೆದುಕೊಂಡು, ಬೀರುವಿನಿಂದ ಸಿದ್ಧ ಅಂಗಿ ತೆಗೆದು ಕೊಟ್ಟ ಹಾಗೆ. ಮಾಸ್ಕ್ ಅಳೆದ ಉಸಿರಿನ ಲೆಕ್ಕ ಆ ಪುಟಕ್ಕೆ ಬಂದೇ ಇಲ್ಲ.

ಹೃದಯ ಬಡಿತ ನೋಡಿಕೊಂಡು ಅಭ್ಯಾಸ ಮಾಡುವವರಿಗೆ ವಿಒ2 ಮ್ಯಾಕ್ಸ್ ಅಂಕಿಯಿಂದ ಹೆಚ್ಚೇನೂ ಸಿಗುವುದಿಲ್ಲ, ಅದು ಗುಂಪಿನಲ್ಲಿ ಹೇಳಿಕೊಳ್ಳುವುದಕ್ಕೆ. ನಿಮಗೆ ಬೇಕಾದದ್ದು ಎರಡು ತಿರುವುಗಳು. ವೇಗ ಹೆಚ್ಚಿಸುತ್ತಾ ಹೋದಂತೆ ಒಂದು ಹಂತದಲ್ಲಿ ಉಸಿರಾಟ ವೇಗಕ್ಕಿಂತ ಮುಂದೆ ಓಡತೊಡಗುತ್ತದೆ, ಸ್ನಾಯುಗಳು ದುಡಿದಾಗ ಉಂಟಾಗುವ ಲ್ಯಾಕ್ಟೇಟ್ ರಕ್ತದಲ್ಲಿ ವಿಶ್ರಾಂತಿಯ ಮಟ್ಟ ಬಿಟ್ಟು ಮೇಲೇಳುತ್ತದೆ. ಅದು ಮೊದಲನೆಯದು, ಝೋನ್ 2 ಇರುವುದು ಅದರ ಕೆಳಗೆ. ಇನ್ನೂ ಮುಂದೆ, ದೇಹ ಲ್ಯಾಕ್ಟೇಟನ್ನು ತೆರವು ಮಾಡಲಾರದೆ ಸೋಲುವ ಜಾಗ ಎರಡನೆಯದು. ಈ ಎರಡು ಕಡೆ ಲ್ಯಾಕ್ಟೇಟ್ ಮಟ್ಟ ಲೀಟರಿಗೆ 2 ಮತ್ತು 4 ಮಿಲಿಮೋಲ್ ಎಂದು ಪುಸ್ತಕಗಳು ಹೇಳುತ್ತವೆ. ಅವು ಸರಾಸರಿಗಳು, ಅವನ್ನೇ ಎಲ್ಲರಿಗೂ ಅಂಟಿಸುವ ಕೇಂದ್ರಕ್ಕೂ ಆ 220ರ ಕೇಂದ್ರಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಫೋನ್ ಮಾಡಿದಾಗ ನೇರವಾಗಿ ಕೇಳಿ: ಎರಡೂ ತಿರುವುಗಳಲ್ಲಿ ನನ್ನ ಬಡಿತವೆಷ್ಟು, ವೇಗವೆಷ್ಟು ಎಂದು ವರದಿಯಲ್ಲಿ ಬರೆದುಕೊಡುತ್ತೀರಾ? ಗ್ರಾಫ್ ಜೊತೆಗಿರುತ್ತದೆಯೇ? ಅದನ್ನು ಓದಿ ವಿವರಿಸುವವರು ಯಾರು, ವ್ಯಾಯಾಮ ಶರೀರಕ್ರಿಯಾಶಾಸ್ತ್ರ ಓದಿದವರೋ ಅಥವಾ ಸದಸ್ಯತ್ವ ಮಾರುವವರೋ?

ಪರೀಕ್ಷೆಯ ಹಂತಗಳು ಎಷ್ಟು ನಿಮಿಷದ್ದು ಎಂಬುದೂ ಮುಖ್ಯ. ವಿಒ2 ಮ್ಯಾಕ್ಸ್‌ಗಾಗಿ ನಿಮಿಷ ನಿಮಿಷಕ್ಕೂ ವೇಗ ಏರಿಸಿ 8ರಿಂದ 12 ನಿಮಿಷದೊಳಗೆ ಸುಸ್ತು ಮಾಡಿಸುತ್ತಾರೆ. ಲ್ಯಾಕ್ಟೇಟ್ ನೋಡಬೇಕಾದರೆ ಒಂದೊಂದು ಹಂತವೂ ಕನಿಷ್ಠ 3 ನಿಮಿಷ ಇರಬೇಕು, 4 ಅಥವಾ 5 ಆದರೆ ಇನ್ನೂ ಒಳ್ಳೆಯದು, ಏಕೆಂದರೆ ಹೊಸ ವೇಗಕ್ಕೆ ಹೃದಯವೂ ರಕ್ತದ ಲ್ಯಾಕ್ಟೇಟೂ ಹೊಂದಿಕೊಳ್ಳುವುದಕ್ಕೇ ಸಮಯ ಬೇಕು. ಬೆರಳು ಅಥವಾ ಕಿವಿಯ ತುದಿಯಿಂದ ರಕ್ತದ ಹನಿ ತೆಗೆಯುವಾಗ ಬೆವರು ಒರೆಸದಿದ್ದರೆ ಅಂಕಿ ಕೆಡುತ್ತದೆ. ಉಸಿರಿನ ಯಂತ್ರವಾದರೆ ಪ್ರತಿ ಪರೀಕ್ಷೆಗೂ ಮೊದಲು ಅದನ್ನು ಹದಗೊಳಿಸಬೇಕು: 3 ಲೀಟರಿನ ದೊಡ್ಡ ಸಿರಿಂಜಿನಿಂದ ಗಾಳಿ ತಳ್ಳಿ ಪ್ರಮಾಣ ಸರಿನೋಡುತ್ತಾರೆ, ಪ್ರಮಾಣ ಗೊತ್ತಿರುವ ಅನಿಲವನ್ನು ಸಿಲಿಂಡರಿನಿಂದ ಬಿಟ್ಟು ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಓದುವಿಕೆ ತಾಳೆ ನೋಡುತ್ತಾರೆ. ಸ್ವಲ್ಪ ಬೇಗ ಹೋಗಿ ಕುಳಿತರೆ ಇದೆಲ್ಲ ಕಾಣುತ್ತದೆ. ಕಾಣದಿದ್ದರೆ ತೋರಿಸಿ ಎಂದು ಕೇಳಿ, ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ. (ದಟ್ಟ ಗಡ್ಡ ಬಿಟ್ಟವರು ಮಾಸ್ಕಿನ ಅಂಚಿನಿಂದ ಗಾಳಿ ಸೋರುತ್ತದೆಯೇ ಎಂದು ಪರೀಕ್ಷಿಸಿ ಎನ್ನಿ. ಗಡ್ಡ ಬೋಳಿಸುವುದು ನಿಮ್ಮಿಷ್ಟ.)

ಸೈಕಲ್ ಸವಾರರು ಸೈಕಲ್ ಮೇಲೆ, ಓಟಗಾರರು ಟ್ರೆಡ್‌ಮಿಲ್ ಮೇಲೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಹುತೇಕರಿಗೆ ಸೈಕಲ್ ಮೇಲೆ ಗರಿಷ್ಠ ಬಡಿತ ಓಟಕ್ಕಿಂತ ಕಡಿಮೆ ಬರುತ್ತದೆ, ಅದರ ಝೋನ್ ಇದಕ್ಕೆ ಹೊಂದುವುದಿಲ್ಲ. ಹಿಂದಿನ ದಿನ ಕಷ್ಟದ ಓಟ ಓಡಿದ್ದೀರಾ, ನಿದ್ದೆ ಆಗಿದೆಯೇ, ಬೆಳಿಗ್ಗೆ ಕಾಫಿ ಕುಡಿದಿರಾ, ಇತ್ತೀಚೆಗೆ ಜ್ವರ ಬಂದಿತ್ತೇ, ಯಾವ ಮಾತ್ರೆ ನುಂಗುತ್ತೀರಿ ಎಂದು ಅವರು ಕೇಳಲೇಬೇಕು. ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್, ಅಟೆನೊಲಾಲ್‌ನಂತಹ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ಬಡಿತ ಸಹಜ ಎತ್ತರಕ್ಕೆ ಏರುವುದೇ ಇಲ್ಲ. ಅವರಿಗೆ ಸೂತ್ರದ ಝೋನ್‌ಗಳು ಅಪಾಯಕಾರಿ ಕೂಡ. ಪರೀಕ್ಷೆಗೆಂದು ಮಾತ್ರೆ ನಿಲ್ಲಿಸುವ ಜಾಣತನ ಮಾಡಬೇಡಿ, ಅದನ್ನು ವೈದ್ಯರೇ ನಿರ್ಧರಿಸಲಿ.

ಹುಬ್ಬಳ್ಳಿ, ಶಿವಮೊಗ್ಗ, ಕಲಬುರಗಿಯವರು ಇದಕ್ಕಾಗಿ ಬೆಂಗಳೂರಿಗೆ ಬರಬೇಕೇ ಎಂದು ಕೇಳುತ್ತಾರೆ. ರಾಷ್ಟ್ರಮಟ್ಟದ ಕ್ರೀಡಾಪಟುಗಳಿಗೆ ಬೆಂಗಳೂರಿನ ಜ್ಞಾನಭಾರತಿಯ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರ, ಬಳ್ಳಾರಿ ಜಿಲ್ಲೆಯ ವಿಜಯನಗರದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಂತಹ ಜಾಗಗಳಿವೆ. ಹವ್ಯಾಸಿ ಓಟಗಾರರು ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು ಬೆಳಿಗ್ಗೆ ಟ್ರೆಡ್‌ಮಿಲ್ ಹತ್ತಿದರೆ ಸಿಗುವುದು ನಿದ್ದೆಗೆಟ್ಟ ಹೃದಯದ ಲೆಕ್ಕ. ವೈದ್ಯರ ಒಪ್ಪಿಗೆ ಇದ್ದರೆ ಊರಿನ ಮೈದಾನದಲ್ಲೇ 30 ನಿಮಿಷ ಒಂದೇ ಸಮನೆ ಬಿಗಿಯಾಗಿ ಓಡಿ, ಕೊನೆಯ 20 ನಿಮಿಷದ ಸರಾಸರಿ ಬಡಿತ ತೆಗೆಯಿರಿ. ಎರಡನೆಯ ತಿರುವು ಹೆಚ್ಚುಕಡಿಮೆ ಅಲ್ಲೇ ಸಿಗುತ್ತದೆ. ಇದಕ್ಕೆ ವಾಚು ಬೇಡ, ಬಡಿತ ಅಳೆಯುವ ಎದೆಪಟ್ಟಿ ಕಟ್ಟಿ. ಮಣಿಕಟ್ಟಿನ ಸೆನ್ಸರ್ ಕೆಲವೊಮ್ಮೆ ಬಡಿತ ಬಿಟ್ಟು ಹೆಜ್ಜೆಯನ್ನೇ ಎಣಿಸುತ್ತಿರುತ್ತದೆ. ಮೊದಲನೆಯ ತಿರುವಿಗೆ ಪಕ್ಕದಲ್ಲಿ ಓಡುವವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವ ವೇಗ ಸಾಕು. ರಾಜಕೀಯ ಬೇಡ, ಅದಕ್ಕೆ ನಿಂತಲ್ಲೇ ಬಡಿತ ಏರುತ್ತದೆ.

ಮಂಗಳೂರು, ಉಡುಪಿಯ ಕಡೆಯವರಿಗೆ ಇನ್ನೊಂದು ಮಾತು. ಎಸಿ ಕೋಣೆಯಲ್ಲಿ 140 ತೋರಿಸಿದ ವೇಗ ಏಪ್ರಿಲ್‌ನ ಸೆಕೆಯಲ್ಲಿ 140 ತೋರಿಸುವುದಿಲ್ಲ. ಬಡಿತವನ್ನು ಹಿಡಿದುಕೊಳ್ಳಿ, ವೇಗವನ್ನು ಬಿಟ್ಟುಕೊಡಿ.

ಮರುಪರೀಕ್ಷೆ ಮೂರ್ನಾಲ್ಕು ತಿಂಗಳ ನಂತರ ಸಾಕು. ಅದೇ ಜಾಗ, ಅದೇ ಯಂತ್ರ, ಅದೇ ಹಂತಗಳು, ಸಾಧ್ಯವಾದರೆ ಅದೇ ಹೊತ್ತು. ಬೇರೆ ಕೇಂದ್ರದಲ್ಲಿ ಅಗ್ಗವೆಂದು ಹೋದರೆ ಅಂಕಿ ಏರಿದ್ದು ನಿಮ್ಮ ಅಭ್ಯಾಸದಿಂದಲೋ ಅವರ ಯಂತ್ರದಿಂದಲೋ ಎಂದು ಯಾರೂ ಹೇಳಲಾರರು. ಮೊದಲ ಸಲವೇ ವರದಿಯ ಜೊತೆ ಮೂಲ ಅಂಕಿಗಳ ಕಡತವನ್ನೂ ಕೇಳಿ ಇಟ್ಟುಕೊಂಡಿರಿ. ಕೊಡುವುದಿಲ್ಲ ಎಂದರೆ ಹಣ ಕಟ್ಟುವ ಮೊದಲೇ ಗೊತ್ತಾಗಲಿ.